ಊಟಕ್ಕೆ ಮುಂಚೆ ದಾಯುವಾನ್

ನಮ್ಮ ಸೋದರಮಾವ ಬೇ ಏರಿಯಾದ ಅರ್ಧ ಕನ್ನಡಿಗರನ್ನು ಊಟಕ್ಕೆ ಮುಂಚೆ ಎರಡು ಸಾವಿರ ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ, ಊಟದ ಹೊತ್ತಿಗೆ ಮತ್ತೆ ತಮ್ಮ ಊರಾದ ಗಿಲ್‌ರಾಯ್‌ಗೆ ತಂದು ಬಿಡುತ್ತಿದ್ದರು. ಅವರ ಮನೆಗೆ ಊಟಕ್ಕೆ ಕರೆದರೆ ಜನ ಗಟ್ಟಿ ಮನಸ್ಸು ಮಾಡಿಕೊಂಡೇ ಹೊರಡುತ್ತಿದ್ದರು. ಮೊದಲು ಸ್ಯಾನ್ ಹೊಸೆಯಿಂದ ದಕ್ಷಿಣಕ್ಕೆ ಇಳಿಯುವ ಫ್ರೀವೇಯ ಟ್ರಾಫಿಕ್ಕು, ಆಮೇಲೆ ದಾಯುವಾನ್.

ದಾಯುವಾನ್ ಅಂದರೆ ತಿಂಡಿಯ ಹೆಸರಲ್ಲ. ಮಧ್ಯ ಏಷ್ಯಾದ ಒಂದು ಕಣಿವೆಯಲ್ಲಿದ್ದ ಹಳೇ ರಾಜ್ಯ. ಮಾವ ಕೆಲಸ ಮಾಡುತ್ತಿದ್ದದ್ದು ಕಂಪ್ಯೂಟರ್ ಚಿಪ್ ಪರೀಕ್ಷೆ ಮಾಡುವ ಆಫೀಸಿನಲ್ಲಿ. ಚರಿತ್ರೆಗೂ ಅವರಿಗೂ ಸಂಬಂಧವೇ ಇರಲಿಲ್ಲ. ಮನೆ ಅಗ್ಗವೆಂದು ಗಿಲ್‌ರಾಯ್‌ಗೆ ಬಂದರು. ಬೆಳ್ಳುಳ್ಳಿ ಮುಟ್ಟದ ಅತ್ತೆಯನ್ನು ತಂದು, ಗಾಳಿ ಬೀಸಿದರೆ ಬೆಳ್ಳುಳ್ಳಿ ಮೂಗಿಗೆ ಹೊಡೆಯುವ ಊರಿನಲ್ಲಿ ಸಂಸಾರ ಹೂಡಿದರು. ಮನೆಯ ಹಿಂದೆ ಬೇಲಿ, ಬೇಲಿಯ ಆಚೆ ಒಂದು ಹೊಲ, ಹೊಲದ ತುಂಬ ಮೇವಿನ ಸೊಪ್ಪು. ಆ ಸೊಪ್ಪು ಮೈಸೂರಿನಲ್ಲಿ ಟಾಂಗಾ ಕುದುರೆಗಳಿಗೆ ಹಾಕುತ್ತಿದ್ದ ಕುದುರೆಮಸಾಲೆ ಎಂದು ಮಾವನಿಗೆ ಮೊದಲ ದಿನವೇ ಗುರುತು ಸಿಕ್ಕಿತಂತೆ. ಮೈಸೂರಿನ ಸೊಪ್ಪು ಇಲ್ಲಿಗೆ ಹೇಗೆ ಬಂತು ಎಂದು ಹುಡುಕಲು ಹೋಗಿ, ಅದು ಯಾವ ಯಾವ ನಾಡು ಸುತ್ತಿತೆಂದು ಹಿಂಬಾಲಿಸುತ್ತಾ ಹೋಗಿ, ಕೊನೆಗೆ ಆ ಕಣಿವೆಗೆ ತಲುಪಿದರು. ತಲುಪಿದವರು ವಾಪಸು ಬರಲಿಲ್ಲ.

ಮನೆಗೆ ಬಂದವರೆಲ್ಲ ಸೋಫಾದಲ್ಲಿ ಕೂತು, ಜ್ಯೂಸು ಕೈಗೆ ಬಂದ ಮೇಲೆ ಮಾವ ಎದ್ದು ನಿಂತು ಪ್ಯಾಂಟನ್ನು ಒಮ್ಮೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಅದೇ ಗಂಟೆ. ಅಲ್ಲಿಂದ ಶುರು.

"ಒಂದು ಕಣಿವೆ. ಸುತ್ತ ಬೆಟ್ಟ, ಬೆಟ್ಟದ ಮೇಲೆ ಹಿಮ, ಮಧ್ಯದಲ್ಲಿ ಹಸಿರು. ಈಗ ಫರ್ಗಾನಾ ಅಂತಾರೆ. ಆಗ ಚೀನಾದವರು ಇಟ್ಟ ಹೆಸರು ದಾಯುವಾನ್. ಆ ಕಡೆಯಿಂದ ಗ್ರೀಕರು ಬಂದ್ರು. ಅವರ ರಾಜ ದಂಡು ಕಟ್ಕೊಂಡು ಪ್ರಪಂಚ ಗೆಲ್ತಾ ಗೆಲ್ತಾ ಬಂದು, ಅಲ್ಲಿ ಸಾಕಾಗಿ, ಒಂದು ಊರು ಕಟ್ಟಿ, ಒಂದಷ್ಟು ಸೈನಿಕರನ್ನ ಬಿಟ್ಟು ಹೋದ. ಬಿಟ್ಟು ಹೋದವರು ಎಲ್ಲಿಗೆ ಹೋಗ್ತಾರ್ರೀ? ಅಲ್ಲೇ ಮದುವೆ, ಅಲ್ಲೇ ಮಕ್ಕಳು, ಅಲ್ಲೇ ದ್ರಾಕ್ಷಿ ಬಳ್ಳಿ. ಇನ್ನೂರು ವರ್ಷ ಆದ್ಮೇಲೆ ಈ ಕಡೆಯಿಂದ ಚೀನಾದ ಒಬ್ಬ ದೂತ ಬಂದ. ದಾರೀಲಿ ಶತ್ರುಗಳ ಕೈಗೆ ಸಿಕ್ಕಿ, ಹತ್ತು ವರ್ಷ ಸೆರೇಲಿ ಕೊಳೆತು, ತಪ್ಪಿಸ್ಕೊಂಡು ಬಂದು ನೋಡ್ತಾನೆ, ಏನು ನೋಡ್ತಾನೆ? ಕೋಟೆ ಕಟ್ಟಿದ ಊರುಗಳು! ದ್ರಾಕ್ಷಿ ಹೆಂಡ! ಬೆವರಿದ್ರೆ ರಕ್ತ ಸುರಿಯೋ ಕುದುರೆಗಳು!"

ಇಲ್ಲಿ ಮಾವ ಕುದುರೆಯ ಹಾಗೆ ಕೆನೆಯುತ್ತಿದ್ದರು. ಪ್ಲೆಸೆಂಟನ್‌ನಿಂದ ಬರುತ್ತಿದ್ದ ಡಾಕ್ಟರರ ಮಗು ಒಂದು ಸಲ ಹೆದರಿ ಅತ್ತಿತ್ತು.

"ಚೀನಾದ ರೇಷ್ಮೆ ಆ ಕಡೆ ಹೋಗೋಕೆ ದಾರಿ ಆಯ್ತು. ಆ ಕಡೆಯ ದ್ರಾಕ್ಷಿ, ಕುದುರೆ, ಕುದುರೆ ತಿನ್ನೋ ಸೊಪ್ಪು ಈ ಕಡೆ ಬಂತು. ಯಾವ ಸೊಪ್ಪು? ಮೈಸೂರಲ್ಲಿ ಟಾಂಗಾ ಕುದುರೆಗೆ ಹಾಕ್ತಿದ್ರಲ್ಲ, ಅದೇ! ನೋಡಿ, ಆ ಕಿಟಕೀಲಿ ನೋಡಿ, ನಮ್ಮ ಮನೆ ಹಿಂದೆ ಬೆಳೆದು ನಿಂತಿದೆಯಲ್ಲ, ಅದೇ! ಆದ್ರೆ ಮುಖ್ಯವಾದ ವಿಷಯ ಅದಲ್ಲ. ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ..."

"ಎಲ್ರೂ ಊಟಕ್ಕೆ ಏಳಿ, ಅನ್ನ ಆರ್ತಾ ಇದೆ!"

ಇದು ಅತ್ತೆ, ಅಡುಗೆಮನೆಯಿಂದ. ಜನ ಸ್ಪ್ರಿಂಗು ಹಾಕಿದ ಹಾಗೆ ಎದ್ದು ನಿಲ್ಲುತ್ತಿದ್ದರು. ಮಾವ ಅರ್ಧ ಎತ್ತಿದ ಕೈಯನ್ನು ಹಾಗೇ ಇಳಿಸಿ, "ನಡೀರಿ, ನಡೀರಿ, ಊಟ ಆದ್ಮೇಲೆ ಹೇಳ್ತೀನಿ" ಎನ್ನುತ್ತಿದ್ದರು. ಊಟ ಆದ ಮೇಲೆ ಫ್ರೀವೇ ಕರೆಯುತ್ತದೆ, ಮಕ್ಕಳು ನಿದ್ದೆಗೆ ಅಳುತ್ತವೆ, ಯಾರೂ ಕೇಳುತ್ತಿರಲಿಲ್ಲ. ಒಂದು ವಿಚಿತ್ರವೆಂದರೆ, ಎದ್ದು ಹೋದವರು ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಮುಂದೆ ನಿಂತೇ ಇರುತ್ತಿದ್ದರು. "ಈ ಮನೇಲಿ ಕೂಗು ಮೊದಲು ಬರುತ್ತೆ, ಅನ್ನ ಆಮೇಲೆ ಬರುತ್ತೆ" ಎಂದು ಎಲ್ಲರೂ ನಗುತ್ತಿದ್ದರು.

ನಾನು ಈ ಇಡೀ ಪ್ರಸಂಗವನ್ನು, ಪ್ಯಾಂಟು ಎಳೆದುಕೊಳ್ಳುವುದರಿಂದ ಹಿಡಿದು ಅತ್ತೆಯ ಕೂಗಿನವರೆಗೆ, ಮಿಮಿಕ್ರಿ ಮಾಡಿ ಹೆಸರು ಮಾಡಿದೆ. ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಏಳನೇ ಕ್ಲಾಸು ಮುಗಿಸಿ ಅಪ್ಪ ಅಮ್ಮನ ಹಿಂದೆ ಇಲ್ಲಿಗೆ ಬಂದವನು. ನಮ್ಮ ವಂಶದಲ್ಲಿ ಎಂಜಿನಿಯರು, ಡಾಕ್ಟರು ಎರಡೂ ಆಗದೆ ಉಳಿದವನು ನಾನೊಬ್ಬನೇ. ಸ್ಯಾನ್ ಹೊಸೆಯ ಒಂದು ಡೇಕೇರಿನಲ್ಲಿ ಪುಟ್ಟ ಮಕ್ಕಳಿಗೆ ಹಸು, ಕತ್ತೆ, ಕೋಳಿಯಾಗಿ ಕೂಗುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ. ನಮ್ಮಮ್ಮ ಯಾರಾದರೂ ಕೇಳಿದರೆ "ಎಜುಕೇಶನ್ ಫೀಲ್ಡಲ್ಲಿದ್ದಾನೆ" ಎನ್ನುತ್ತಾಳೆ. ಅದನ್ನೂ ನಾನು ಅವಳ ದನಿಯಲ್ಲೇ ಮಾಡಿ ತೋರಿಸುತ್ತೇನೆ. ಜಿಪಿಎಸ್ಸಿನ ಹೆಂಗಸು, ಅಪಾರ್ಟ್‌ಮೆಂಟಿನ ಮ್ಯಾನೇಜರು, ಕನ್ನಡ ಸಂಘದ ಅಧ್ಯಕ್ಷರು ಮೈಕು ತಟ್ಟುವುದು, ಯಾರನ್ನೂ ಬಿಟ್ಟವನಲ್ಲ. ಮೂಗಿನಲ್ಲಿ ಇಂಗ್ಲಿಷು, ಗಂಟಲಲ್ಲಿ ಕನ್ನಡ ಸಿಕ್ಕಿಹಾಕಿಕೊಂಡ ನನ್ನನ್ನೂ ಬಿಟ್ಟಿಲ್ಲ.

ಯುಗಾದಿ ಕಾರ್ಯಕ್ರಮದಲ್ಲಿ ಮೊದಲ ಸಲ ದಾಯುವಾನ್ ಮಾಡಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಮುಗಿದ ಮೇಲೆ ಮಾವ ಸ್ಟೇಜಿನ ಹಿಂದೆ ಬಂದರು. ಬೈಗುಳ ಬೀಳುತ್ತದೆ ಎಂದುಕೊಂಡೆ.

"ಲೋ ಕಪಿ, ಕೆನೆತ ಸಾಲದು. ಅದು ಟಾಂಗಾ ಕುದುರೆ ಆಯ್ತು. ಇದು ರಾಜರ ಕುದುರೆ ಕಣೋ. ಸ್ವಲ್ಪ ಎಳಿ" ಎಂದು ಅಲ್ಲೇ ಒಂದು ಸಲ ಕೆನೆದು ಪಾಠ ಹೇಳಿದರು. ಆಮೇಲೆ ತಲೆ ಕೆರೆದುಕೊಂಡು, "ಎಲ್ಲ ಚೆನ್ನಾಗಿ ಹಿಡಿದಿದೀಯ. ಕೊನೇದೊಂದು ಇಲ್ಲ ಅಷ್ಟೇ" ಎಂದರು.

"ಏನದು ಮಾವ?"

"ಬಾ ಒಂದಿನ, ಹೇಳ್ತೀನಿ."

ಹೋದೆ. ಹೋದಾಗಲೆಲ್ಲ ಬೇರೆ ಜನ ಇರುತ್ತಿದ್ದರು, ಅನ್ನ ಆರುತ್ತಿತ್ತು.

ಒಂದು ಚಳಿಗಾಲದ ಬೆಳಗ್ಗೆ ಮಾವ ಹಿತ್ತಲಿನಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಿದ್ದರು. ಬಳ್ಳಿಯೂ ದಾಯುವಾನ್ ನೆನಪಿಗೆ ನೆಟ್ಟದ್ದೇ; ಹಣ್ಣು ಹುಳಿ, ಪಕ್ಷಿಗಳೂ ತಿನ್ನುವುದಿಲ್ಲ. ಅತ್ತೆ ಕಾಫಿಗೆ ಕರೆದರು. ಮಾವ ತಿರುಗಿ ನೋಡಿ, "ಅದು... ಅದು... ಅದು..." ಎಂದರಂತೆ. ಕತ್ತರಿ ಕೈಯಿಂದ ಜಾರಿತು. ತುಂಟಾಟ ಎಂದುಕೊಂಡು ಅತ್ತೆ, "ಆರೋಗುತ್ತೆ ಬನ್ನಿ" ಎಂದು ಇನ್ನೊಂದು ಸಲ ಕರೆದರಂತೆ. ಆಮೇಲೆ ಬಾಯಿ ಒಂದು ಕಡೆಗೆ ಇಳಿದದ್ದು ಕಂಡಿತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಅರ್ಧ ಉಳಿಯಿತು. ಮಾತು ಹೋಯಿತು. ಅರ್ಥವಾಗುತ್ತಿಲ್ಲ ಎಂದಲ್ಲ, ಎಲ್ಲವೂ ಅರ್ಥವಾಗುತ್ತಿತ್ತು. ನಾವು ಜೋಕು ಹೇಳಿದರೆ ನಗುತ್ತಿದ್ದರು. ಹೇಳಬೇಕಾದದ್ದು ಒಳಗೆ ಪೂರ್ತಿ ಇದೆ, ಪದ ಮಾತ್ರ ಸಿಗುತ್ತಿಲ್ಲ ಎಂದು ಡಾಕ್ಟರು ವಿವರಿಸಿದರು. ಉಳಿದಿದ್ದ ಮಾತು ಎರಡು ಮೂರು: "ಅಯ್ಯೋ ರಾಮ", "ಅದಲ್ಲ", ಮತ್ತೆ ನನ್ನನ್ನು ಕಂಡ ಕೂಡಲೇ ಚಕ್ಕನೆ ಬರುತ್ತಿದ್ದ "ಕಪಿ". ನನ್ನ ಜೀವನದಲ್ಲಿ ಆ ಬಿರುದಿಗೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಮಾತು ಕಲಿಸಲು ಒಬ್ಬ ಥೆರಪಿಸ್ಟು ಬರುತ್ತಿದ್ದಳು, ನನ್ನ ವಯಸ್ಸಿನವಳೇ. ಅವಳಿಗೆ ಕನ್ನಡ ಬಾರದು, ಮಾವನಿಗೆ ಇಂಗ್ಲಿಷು ಪೂರ್ತಿ ಕೈಕೊಟ್ಟಿತ್ತು. ಒಂದು ದಿನ ಅವಳು ಕೇಳಿದಳು: "ಇವರು ಮುಂಚೆ ಪದೇ ಪದೇ, ಒಂದೇ ಥರ ಹೇಳುತ್ತಿದ್ದ ಮಾತು ಯಾವುದಾದರೂ ಇದೆಯಾ? ಪ್ರಾರ್ಥನೆ, ಹಾಡು, ಕಥೆ? ರೂಢಿಯಾದ ಮಾತು ಬೇರೆ ದಾರಿಯಲ್ಲಿ ಹೊರಗೆ ಬರುತ್ತದೆ. ಜೊತೆಗೆ ಇನ್ನೊಬ್ಬರು ಅದೇ ಲಯದಲ್ಲಿ ಹೇಳಿದರೆ ಇನ್ನೂ ಸುಲಭ."

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬೇ ಏರಿಯಾದ ಅಷ್ಟು ಜನ ಎಂಜಿನಿಯರುಗಳಿಗೆ ಬಾರದ ಕೆಲಸ ನನಗೊಬ್ಬನಿಗೇ ಬರುತ್ತಿತ್ತು.

ಶನಿವಾರ, ಭಾನುವಾರ ಗಿಲ್‌ರಾಯ್‌ಗೆ ಹೋಗತೊಡಗಿದೆ. ಮಾವನ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು. ಅವರ ಎಡಗೈ ಹಿಡಿದು, ಮಾತಿನ ಒಂದೊಂದು ಏಟಿಗೂ ಅವರ ತೊಡೆಯ ಮೇಲೆ ತಟ್ಟುವುದು. ಇಬ್ಬರೂ ಒಟ್ಟಿಗೆ ಹೇಳುವುದು.

"ಒಂದು... ಕಣಿವೆ."

ಮೊದಲ ವಾರ ಏನೂ ಬರಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಾಗಲು ಹೊತ್ತು ಹಿಡಿಯಿತು. ನಾನು ಮಾಡುತ್ತಿದ್ದದ್ದು ಸ್ಟೇಜಿನ ಮಾವನನ್ನು. ಅಣಕಿಸುವವನು ಎಲ್ಲವನ್ನೂ ಒಂದು ಹಿಡಿ ದೊಡ್ಡದು ಮಾಡುತ್ತಾನೆ. ಮೂಗು ಉದ್ದವಾದರೆ ಸೊಂಡಿಲು ಮಾಡುತ್ತಾನೆ. "ಅಂದ್ರೆ"ಯನ್ನು ನಾನು ಎಳೆದ ಹಾಗೆ ಮಾವ ಯಾವತ್ತೂ ಎಳೆದವರಲ್ಲ. ನಾನು ಎಳೆದಾಗಲೆಲ್ಲ ಅವರು ಆ ಉಬ್ಬಿನಲ್ಲಿ ಎಡವುತ್ತಿದ್ದರು. ಎಳೆತ ಬಿಟ್ಟೆ, ನಗಿಸುವ ಆಸೆ ಬಿಟ್ಟೆ, ನಿಜವಾಗಿ ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು ಎಂದು ನೆನಪು ಮಾಡಿಕೊಂಡೆ. ಅಷ್ಟು ವರ್ಷ ಅವರನ್ನು ಮಾಡಿದ್ದರೂ ಅಂಥದ್ದನ್ನೆಲ್ಲ ಗಮನಿಸಿಯೇ ಇರಲಿಲ್ಲ. "ಬಿಟ್ಟು ಹೋದವರು ಎಲ್ಲಿಗೆ ಹೋಗ್ತಾರ್ರೀ" ಎನ್ನುವಾಗ ದನಿ ಇಳಿಯುತ್ತಿತ್ತು. ನಾನು ಅದನ್ನು ಜೋರಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ.

ದನಿ ಸರಿಯಾದ ದಿನ ಮಾವನ ತುಟಿ ನನ್ನ ತುಟಿಯ ಜೊತೆ ಅಲ್ಲಾಡಿತು.

"ಒಂದು... ಕ... ಕಣಿವೆ. ಸುತ್ತ... ಬೆಟ್ಟ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅತ್ತೆ ಬಾಗಿಲಿಗೆ ಬಂದು ನಿಂತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡರು.

ಅಲ್ಲಿಂದ ಒಂದೊಂದೇ ಸಾಲು. ಗ್ರೀಕರು ಬಂದರು. ಊರು ಕಟ್ಟಿದರು. ದೂತ ಬಂದ. ಕೆನೆತದ ದಿನ ನಾವಿಬ್ಬರೂ ಎಷ್ಟು ಜೋರಾಗಿ ಕೆನೆದೆವೆಂದರೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ವಸಂತ ಬರುವ ಹೊತ್ತಿಗೆ ಮಾವ ನನ್ನ ಜೊತೆ ಇಡೀ ಕಥೆ ಹೇಳುತ್ತಿದ್ದರು, ತೊದಲಿಕೊಂಡು, ತಟ್ಟಿಕೊಂಡು, ಆದರೆ ತಮ್ಮದೇ ದನಿಯಲ್ಲಿ. ಬೇರೆ ಮಾತು ಇನ್ನೂ ಇಲ್ಲ. ನೀರು ಬೇಕಾದರೆ ಕೈಸನ್ನೆ. ಆದರೆ ದಾಯುವಾನ್ ಇತ್ತು. ಅತ್ತೆ ಹೇಳಿದರು: "ನೀರು ಕೇಳೋಕೆ ಬರಲ್ಲ, ಚೀನಾ ದೂತನ ವಿಚಾರ ಕೇಳಿದ್ರೆ ಬರುತ್ತೆ. ನಂಗೆ ಅದೇ ಸಾಕು ಕಣೋ."

ಸಾಕಾಗಲಿಲ್ಲ.

"ಮುಖ್ಯವಾದ... ವಿಷಯ... ಏನಪ್ಪಾ... ಅಂದ್ರೆ..." ಎಂಬಲ್ಲಿಗೆ ಮೊದಲ ಸಲ ಬಂದು ನಿಂತಾಗ ನಾನು ಅಭ್ಯಾಸಬಲದಿಂದ ನಿಲ್ಲಿಸಿದೆ. ನನ್ನಲ್ಲಿ ಅದರ ಮುಂದೆ ಏನೂ ಇರಲಿಲ್ಲ. ಮಾವ ನಿಲ್ಲಿಸಲಿಲ್ಲ. ಬಾಯಿ ತೆರೆದೇ ಇತ್ತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, ತಾವೇ ತೊಡೆಯ ಮೇಲೆ ತಟ್ಟಿದರು. ಮುಂದೆ, ಮುಂದೆ. ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಹೇಳಿಕೊಡುತ್ತೇನೆ, ಜೊತೆಗೆ ಹೇಳಿಬಿಡಬಹುದು ಎಂದು ಕಾಯುತ್ತಿದ್ದರು.

"ಮಾವ, ನನಗೆ ಗೊತ್ತಿಲ್ಲ. ನೀವು ಹೇಳಲೇ ಇಲ್ಲ" ಎಂದೆ.

ಅವರ ಕಣ್ಣಿನಲ್ಲಿ ಕಂಡದ್ದನ್ನು ಮಿಮಿಕ್ರಿ ಮಾಡಲು ನನಗೆ ಬರುವುದಿಲ್ಲ.

ಆ ದಿನದಿಂದ ಅದೊಂದೇ ಕೆಲಸ. ಆ ಒಂದು ವಿಷಯ ಹೊರಗೆ ಬರಬೇಕು. ಮಾವ ಎಲ್ಲೂ ಏನೂ ಬರೆದಿಟ್ಟವರಲ್ಲ, ಅವರದೆಲ್ಲ ಬಾಯಿಮಾತು. ದಾಯುವಾನಿನವರೂ ಹಾಗೇ. ತಾವೇ ಬರೆದ ಕಥೆ ಒಂದೂ ಉಳಿದಿಲ್ಲ. ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಬಂದು ಹೋದ ಪರದೇಶಿಗಳು ಬರೆದುಕೊಂಡದ್ದು. ನಾನು ಲೈಬ್ರರಿಗೆ ಹೋದೆ. ಆ ಕಣಿವೆಯ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಶಾಲೆಯಲ್ಲಿ ಹೀಗೆ ಓದಿದ್ದರೆ ಅಮ್ಮ ಸುಳ್ಳು ಹೇಳಬೇಕಾಗುತ್ತಿರಲಿಲ್ಲ. ಓದಿದ್ದನ್ನೆಲ್ಲ ತಂದು ಹಿತ್ತಲಿನ ಬಳ್ಳಿಯ ಕೆಳಗೆ ಕೂತು ಮಾವನ ಮುಂದೆ ಸುರಿದೆ.

"ಚೀನಾದ ಚಕ್ರವರ್ತಿ ಕುದುರೆ ಕೇಳಿದ, ಇವರು ಕೊಡಲ್ಲ ಅಂದ್ರು, ಅವನು ಸೈನ್ಯ ಕಳಿಸಿದ. ಅದಾ ಮಾವ?"

"ಅದಲ್ಲ."

"ಕೋಟೆಗೆ ಬರೋ ನೀರನ್ನ ಸೈನ್ಯದವರು ಬೇರೆ ಕಡೆಗೆ ತಿರುಗಿಸಿದ್ರು. ಒಳಗಿನವರೇ ತಮ್ಮ ರಾಜನ ತಲೆ ಕಡಿದು ಕೊಟ್ಟು ಪ್ರಾಣ ಉಳಿಸ್ಕೊಂಡ್ರು. ಅದು?"

"ಅದಲ್ಲ. ಅದಲ್ಲ."

"ದಾಯುವಾನ್‌ನಲ್ಲಿರೋ ಯುವಾನ್ ಅಂದ್ರೆ, ಗ್ರೀಕರಿಗೆ ನಾವು ಹೇಳ್ತಿದ್ದ ಯವನ ಅನ್ನೋ ಪದಾನೇ ಇರಬಹುದು ಅಂತ ಕೆಲವರು ಅಂತಾರೆ."

ತಲೆ ಹೌದು ಎಂಬಂತೆ ಆಡಿತು, ಆಮೇಲೆ ಬೇಸರದಿಂದ ಅಡ್ಡಡ್ಡ ಆಡಿತು. ಗೊತ್ತು, ಆದರೆ ಅದಲ್ಲ.

"ಆ ದೇಶದಲ್ಲಿ ಗಂಡಂದಿರು ಹೆಂಡತಿ ಹೇಳಿದ ಹಾಗೆ ಕೇಳ್ತಿದ್ರು ಅಂತ ಚೀನಾದವರು ಆಶ್ಚರ್ಯಪಟ್ಟು ಬರೆದಿಟ್ಟಿದ್ದಾರೆ. ಅದೇ ಇರಬೇಕು, ಬಿಡಿ."

ಮಾವ ಜೋರಾಗಿ ನಕ್ಕರು. ಅಡುಗೆಮನೆಯ ಕಿಟಕಿಯ ಕಡೆಗೆ ಎಡಗೈ ತೋರಿಸಿ ಮತ್ತೂ ನಕ್ಕರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. "ಅದಲ್ಲ" ಎಂದರು, ಮೆತ್ತಗೆ.

ಕಾಗದ, ಪೆನ್ನು ಕೊಟ್ಟೆ. ಎಡಗೈಯಲ್ಲಿ ಒಂದು ಗೆರೆ ಎಳೆದರು. ಗೆರೆಯ ಈ ತುದಿಯಲ್ಲಿ ಒಂದು ಚುಕ್ಕೆ, ಆ ತುದಿಯಲ್ಲಿ ಒಂದು ಚುಕ್ಕೆ. ನಡುವೆ ಒಂದು ಸೊನ್ನೆ. ಆ ಸೊನ್ನೆಯ ಮೇಲೆ ಪೆನ್ನು ಒತ್ತಿ ಒತ್ತಿ ತಿರುವಿದರು, ಕಾಗದ ಹರಿಯುವವರೆಗೂ.

"ಮಧ್ಯದವರು? ಮಧ್ಯದಲ್ಲಿ ಇದ್ದವರು, ಆ ಕಣಿವೆಯ ಜನ?"

"ಹಾಂ! ಹಾಂ!" ಎಂದು ನನ್ನ ಅಂಗಿ ಹಿಡಿದು ಜಗ್ಗಿದರು.

"ಅವರಿಗೆ ಏನಾಯ್ತು? ಅವರು ಏನು ಮಾಡಿದ್ರು?"

ಬಾಯಿ ತೆರೆದು ಹುಡುಕಿದರು. ಒಂದೊಂದು ಸಲ ಜೇಬಿನಲ್ಲಿ ಬೀಗದ ಕೈ ಬೆರಳಿಗೆ ತಾಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ, ಹಾಗೆ. ಕೊನೆಗೆ "ಅಯ್ಯೋ ರಾಮ" ಎಂದು ಕಾಗದವನ್ನು ನೆಲಕ್ಕೆ ಬಿಟ್ಟರು.

ದೂರದ ರಾಜ್ಯದಲ್ಲಿರುವ ಅವರ ಮಗಳಿಗೆ ಫೋನು ಮಾಡಿದೆ. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಚಿಕ್ಕಂದಿನಿಂದ ಕೇಳಿದವಳು, ಕೊನೆಯೇನು ಹೇಳು ಎಂದೆ. "ಐ ಥಾಟ್ ಡಿನ್ನರ್ ವಾಸ್ ದಿ ಎಂಡಿಂಗ್" ಎಂದಳು. ಊಟವೇ ಕಥೆಯ ಕೊನೆ ಎಂದುಕೊಂಡು ಬೆಳೆದಿದ್ದಳು. ಆಮೇಲೆ ಅಳತೊಡಗಿದಳು.

ಉಳಿದವರು ಅತ್ತೆ. ಹುಳಿಗೆ ಒಗ್ಗರಣೆ ಹಾಕುತ್ತಿದ್ದರು. ಹತ್ತಿರ ಹೋಗಿ ನಿಂತೆ.

"ಅತ್ತೆ, ನೀವು ಒಂದ್ಸಲನಾದ್ರೂ ಕೊನೇವರೆಗೂ ಕೇಳಿದ್ದೀರಾ?"

"ಊಟಕ್ಕೆ ಕರೀತಿದ್ದವಳು ನಾನೇ ಅಲ್ವೇನೋ" ಎಂದರು, ತಿರುಗದೆ.

"ಅಡುಗೆ ಆಗಿರ್ತಿತ್ತು, ಕರೀತಿದ್ರಿ. ಅದರಲ್ಲೇನಿದೆ?"

"ಎಲ್ಲಿ ಆಗಿರ್ತಿತ್ತು? ಕುಕ್ಕರಿನ ಮುಚ್ಚಳಾನೂ ತೆಗೆದಿರ್ತಿರ್ಲಿಲ್ಲ." ಒಲೆ ಆರಿಸಿದರು. "ಮೊದಮೊದಲು ಒಂದ್ಸಲ ಇವರು ಇದನ್ನ ಹೇಳ್ತಾ ಇದ್ರು. ಒಬ್ಬರು ಫೋನು ನೋಡ್ತಾ ಕೂತಿದ್ರು. ಇನ್ನೊಬ್ಬರು ಇವರ ಬೆನ್ನ ಹಿಂದೆ ಕಣ್ಣು ಹೊಡೆದು ನಗ್ತಿದ್ರು. ಇವರು ನೋಡಿದ್ರು ಕಣೋ. ನೋಡಿಯೂ ನೋಡದೇ ಇರೋ ಹಾಗೆ ಮಾತು ಮುಂದುವರಿಸಿದ್ರು. ಅವತ್ತಿಂದ, ಜನಕ್ಕೆ ಸಾಕು ಅನ್ನಿಸೋಕೆ ಮುಂಚೇನೇ ನಾನು ಕೂಗಿಬಿಡ್ತಿದ್ದೆ. ಅವರನ್ನ ನೋಡಿ ಯಾರೂ ಆಕಳಿಸಬಾರದು, ಅಷ್ಟೇ."

ಖಾಲಿ ತಟ್ಟೆ ಹಿಡಿದು ನಿಂತು ನಾವೆಲ್ಲ ನಕ್ಕದ್ದು ನೆನಪಾಯಿತು.

"ಇಬ್ಬರೇ ಇದ್ದಾಗ ಕೇಳಬಹುದಿತ್ತಲ್ಲ?"

"ಕೇಳಿದ್ದೆ. 'ನಿಂಗೊಬ್ಬಳಿಗೆ ಹೇಳಿ ಏನು ಮಾಡ್ಲಿ, ಜನ ಬಂದಾಗ ಹೇಳ್ತೀನಿ, ಅಲ್ಲೇ ಕೇಳ್ಕೋ' ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ಜನ ಬಂದಾಗ ನಾನು ಕೂಗಿದೆ."

ಹುಳಿಯ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಅತ್ತೆ ತಟ್ಟನೆ ನನ್ನ ಕಡೆ ತಿರುಗಿದರು. "ಎಲ್ಲರನ್ನೂ ಕರೀತೀನಿ. ಆಗಿನ ಥರಾನೇ. ನೀನು ಅವರ ಜೊತೆ ಶುರು ಮಾಡು. ಜನ ಮುಂದೆ ಕೂತಿದ್ರೆ ಬಂದ್ರೂ ಬರಬಹುದು. ನಾನು ಕೂಗಲ್ಲ. ಅನ್ನ ಕಲ್ಲಾಗ್ಲಿ, ನಾನು ಕೂಗಲ್ಲ."

ಥೆರಪಿಸ್ಟನ್ನು ಕೇಳಿದೆ. ಪ್ರಯತ್ನಿಸಿ ನೋಡು, ತಪ್ಪೇನಿಲ್ಲ ಎಂದಳು. ಅವರು ಓಟ ಹಿಡಿದ ಮೇಲೆ ನಿನ್ನ ದನಿ ಮೆಲ್ಲಗೆ ಇಳಿಸುತ್ತಾ ಬಾ, ಅವರೇ ಮುಂದುವರಿಯಲಿ ಎಂದು ಹೇಳಿಕೊಟ್ಟಳು.

ಭಾನುವಾರ ಮಧ್ಯಾಹ್ನ. ಎಲ್ಲರೂ ಬಂದರು. ಯಾರೂ ಟ್ರಾಫಿಕ್ಕಿನ ಬಗ್ಗೆ ಗೊಣಗಲಿಲ್ಲ. ಫೋನುಗಳು ಜೇಬಿನಿಂದ ಹೊರಗೆ ಬರಲಿಲ್ಲ. ಡಾಕ್ಟರರ ಮಗು ಈಗ ಎತ್ತರದ ಹುಡುಗಿ. ಮುಂದೆ ನೆಲದ ಮೇಲೆ ಕೂತಳು. ಅಷ್ಟು ಒಳ್ಳೆಯ ಶ್ರೋತೃಗಳನ್ನು ನಾನು ಯಾವ ಯುಗಾದಿಯಲ್ಲೂ ಕಂಡಿರಲಿಲ್ಲ. ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಸೋಫಾದಲ್ಲಿ ಕೂತಿದ್ದರು. ಏಳಲಾಗದು. ಆದರೂ ಶುರು ಮಾಡುವ ಮುಂಚೆ ಎಡಗೈಯಿಂದ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡರು. ಯಾರೋ ಮೂಗೊರೆಸಿಕೊಂಡ ಸದ್ದು ಕೇಳಿತು.

"ಒಂದು ಕಣಿವೆ" ಎಂದು ಇಬ್ಬರೂ ಹೇಳಿದೆವು.

ಗ್ರೀಕರು ಬಂದರು, ಊರು ಕಟ್ಟಿದರು, ಸೈನಿಕರನ್ನು ಬಿಟ್ಟು ಹೋದರು. ದೂತ ಸೆರೆಯಿಂದ ತಪ್ಪಿಸಿಕೊಂಡ. ಕೆನೆತ ಬಂದಾಗ ಜನ ನಕ್ಕರು, ಹಳೆಯ ನಗುವಲ್ಲ, ಮಗು ಹೆಜ್ಜೆ ಇಟ್ಟಾಗ ನಗುವ ಹಾಗೆ. ಮಾವನ ಮುಖ ಅರಳಿತು. ದನಿಗೆ ಬಲ ಬಂತು. ರೇಷ್ಮೆ ಬಂದಾಗ ನಾನು ನನ್ನ ದನಿಯನ್ನು ಇಳಿಸಿದೆ. ಅವರು ಗಮನಿಸಲಿಲ್ಲ. ಸೊಪ್ಪು ಬಂದಾಗ ಬರೀ ತುಟಿ ಆಡಿಸಿದೆ. "ಆ ಕಿಟಕೀಲಿ... ನೋಡಿ... ಅದೇ!" ಎಂದು ಅವರೇ ಹೇಳಿ ಬೆರಳು ತೋರಿಸಿದಾಗ ಅಷ್ಟೂ ಜನ ಕಿಟಕಿಯ ಕಡೆ ತಿರುಗಿ ನೋಡಿದರು. ನಾನು ತುಟಿ ಆಡಿಸುವುದನ್ನೂ ನಿಲ್ಲಿಸಿದೆ.

"ಆದ್ರೆ... ಮುಖ್ಯವಾದ ವಿಷಯ... ಅದಲ್ಲ. ಮುಖ್ಯವಾದ... ವಿಷಯ... ಏನಪ್ಪಾ... ಅಂದ್ರೆ..."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ತುಟಿ ಬಿಗಿಹಿಡಿದಿದ್ದರು. ಮಾವ ಬಾಗಿಲ ಕಡೆ ನೋಡಿದರು. ಅಲ್ಲಿಂದ ಏನೂ ಬರಲಿಲ್ಲ. ಮತ್ತೆ ನಮ್ಮ ಕಡೆ ನೋಡಿದರು. ಅಷ್ಟೂ ಮುಖಗಳು ಅವರ ಬಾಯಿಯನ್ನೇ ನೋಡುತ್ತಿದ್ದವು. ಇಷ್ಟು ವರ್ಷ ಅವರಿಗೆ ಬೇಕಾಗಿದ್ದದ್ದು ಅದೇ. ತೊಡೆಯ ಮೇಲೆ ಕೈ ತಟ್ಟಿತು, ಒಂದು ಸಲ, ಇನ್ನೊಂದು ಸಲ. ಬಾಯಿ ತೆರೆಯಿತು.

"ಎಲ್ರೂ ಊಟಕ್ಕೆ ಏಳಿ, ಅನ್ನ ಆರ್ತಾ ಇದೆ."

ಒಂದು ತೊದಲೂ ಇಲ್ಲದೆ. ಅತ್ತೆಯ ರಾಗದಲ್ಲೇ, ಕೊನೆಯನ್ನು ಅತ್ತೆ ಎಳೆಯುವಷ್ಟೇ ಎಳೆದು. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಬಂದ ಅತಿ ಸ್ಪಷ್ಟವಾದ ಮಾತು ಅದು.

ಯಾರೋ ಒಬ್ಬರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಮಾವ ಬೆಚ್ಚಿಬಿದ್ದವರಂತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಅದಲ್ಲ" ಎಂದರು. ಸುತ್ತ ನೋಡಿ, ಒಬ್ಬೊಬ್ಬರ ಮುಖ ನೋಡಿ, "ಅದಲ್ಲ, ಅದಲ್ಲ" ಎಂದರು. ಅತ್ತೆ ಬಂದು ಅವರ ಕಾಲ ಬಳಿ ನೆಲದ ಮೇಲೆ ಕುಸಿದು ಕೂತರು. ಸೌಟು ಇನ್ನೂ ಕೈಯಲ್ಲೇ ಇತ್ತು. "ಗೊತ್ತು ಕಣ್ರೀ, ಅದಲ್ಲ ಅಂತ ಗೊತ್ತು. ಹೇಳಿ, ನಿಧಾನಕ್ಕೆ ಹೇಳಿ, ಎಲ್ರೂ ಕೂತಿದ್ದಾರೆ" ಎಂದರು. ಎಲ್ಲರೂ ಕೂತಿದ್ದರು. ಬಹಳ ಹೊತ್ತು ಕೂತಿದ್ದರು. ಎಷ್ಟು ಹೊತ್ತೆಂದರೆ ಕೊನೆಗೆ ಮಾವನೇ ತಲೆ ಅಲ್ಲಾಡಿಸಿ, ಎಡಗೈಯಿಂದ ಅಡುಗೆಮನೆಯ ಕಡೆ ತೋರಿಸಿದರು. ನಡೀರಿ, ನಡೀರ್ರಪ್ಪಾ ಎಂಬ ಹಾಗೆ.

ಜನ ಮೆಲ್ಲಗೆ ಎದ್ದು ತಟ್ಟೆ ಹಿಡಿದರು. ಆ ಮನೆಯಲ್ಲಿ ಅವತ್ತೊಂದು ದಿನ ಅನ್ನ ನಿಜವಾಗಿಯೂ ಆರಿಹೋಗಿತ್ತು.

ಈಗಲೂ ಭಾನುವಾರ ಹೋಗುತ್ತೇನೆ. ಮಾವನಿಗೆ ಅಷ್ಟಿಷ್ಟು ಮಾತು ಬಂದಿದೆ. ನೀರು ಎನ್ನುತ್ತಾರೆ, ಸಾಕು ಎನ್ನುತ್ತಾರೆ. ಬಾಗಿಲು ತೆಗೆದು "ಕಪಿ, ಕಣಿವೆ?" ಎಂದು ಕೇಳುತ್ತಾರೆ. ಕೂರುತ್ತೇವೆ, ಮೊಣಕಾಲಿಗೆ ಮೊಣಕಾಲು. ಗ್ರೀಕರು ಬರುತ್ತಾರೆ, ದೂತ ಬರುತ್ತಾನೆ, ಕೆನೆಯುತ್ತೇವೆ. ಸಂಘದವರು ಸ್ಟೇಜಿನ ಮೇಲೆ ಮಾಡು ಎಂದರೆ ಜಿಪಿಎಸ್ಸಿನ ಹೆಂಗಸನ್ನು ಮಾಡಿ ಇಳಿದುಬಿಡುತ್ತೇನೆ. ಇದನ್ನು ಮಾಡುವುದು ಇಲ್ಲಿ ಮಾತ್ರ.

ಸೊಪ್ಪಿನ ಸಾಲು ಬಂದಾಗ ಮಾವ ಕಿಟಕಿಯ ಕಡೆ ಬೆರಳು ಚಾಚುತ್ತಾರೆ. "ಅದೇ!" ಎನ್ನುತ್ತಾರೆ. ಅಲ್ಲಿಗೆ ನನ್ನ ತೊಡೆಯ ಮೇಲೆ ಕೈಯಿಟ್ಟು ಅದುಮುತ್ತಾರೆ. ನಿಲ್ಲಿಸು ಎಂದು. ಮುಂದಿನ ಸಾಲಿಗೆ ಅವರು ಮತ್ತೆ ಹೋಗಿಲ್ಲ, ನನ್ನನ್ನೂ ಹೋಗಗೊಡುವುದಿಲ್ಲ. ಇಬ್ಬರೂ ಆ ಹೊಲವನ್ನು ನೋಡುತ್ತಾ ಕೂತಿರುತ್ತೇವೆ. ಕೊಯ್ದ ವಾರಗಳಲ್ಲಿ ಬರೀ ಕೂಳೆ ಇರುತ್ತದೆ. ಆಗಲೂ ಅಲ್ಲಿಗೇ ಬೆರಳು ತೋರಿಸುತ್ತಾರೆ. ಅತ್ತೆ ಅಡುಗೆ ಮುಗಿಸಿ, ಮೂರು ತಟ್ಟೆಗಳಿಗೂ ಬಡಿಸಿಕೊಂಡು, ಕೂಗದೆ, ತಾವೇ ಒಂದೊಂದಾಗಿ ತಂದು ನಮ್ಮ ಕೈಗೆ ಕೊಡುತ್ತಾರೆ.